ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಲು ಪೋರ್ಟ್‌ಫೋಲಿಯೊ ಹೇಗಿರಬೇಕು?

ಪ್ರಶ್ನೆ: ದೃಶ್ಯಕಲೆಯಲ್ಲಿ ಪದವಿ ಮುಗಿಸಿದ್ದೇನೆ. ಭಾವಚಿತ್ರಗಳೂ ನಿಸರ್ಗಚಿತ್ರಗಳೂ ಸಾಕಷ್ಟಿವೆ. ಮಕ್ಕಳ ಪುಸ್ತಕಗಳ ಪ್ರಕಾಶಕರಿಗೆ ಕಳುಹಿಸುವ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಆಯ್ದ ಚಿತ್ರಗಳ ಸಂಗ್ರಹದಲ್ಲಿ, ಯಾವುದನ್ನು, ಎಷ್ಟನ್ನು ಇಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಾನೂ ಮೊದಲ ಸಲ ಅಂದವಾದ ಬಿಡಿ ಚಿತ್ರಗಳನ್ನೇ ಒಟ್ಟುಮಾಡಿ ಸಂಪಾದಕರೊಬ್ಬರ ಮುಂದಿಟ್ಟಿದ್ದೆ. ಅವರು ಎಲ್ಲವನ್ನೂ ನಿಧಾನವಾಗಿ ನೋಡಿ, ಕೊಡೆ ಹಿಡಿದ ಹುಡುಗಿಯ ಚಿತ್ರವನ್ನು ಕೈಗೆತ್ತಿಕೊಂಡು, “ಈಕೆ ಅಳುವಾಗ ಹೇಗೆ ಕಾಣುತ್ತಾಳೆ? ಅಜ್ಜಿಯ ಸೆರಗಿನ ಹಿಂದೆ ಅಡಗಿದಾಗ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಅದೇ ಹುಡುಗಿಯನ್ನು ಓಡುವಾಗ, ಮುನಿಸಿಕೊಂಡಾಗ, ಬೆನ್ನ ಕಡೆಯಿಂದ, ಮಾಳಿಗೆಯ ಮೇಲಿನಿಂದ ಕಂಡಂತೆ ಬರೆಯತೊಡಗಿದಾಗ, ಮೂರನೆಯ ಚಿತ್ರಕ್ಕಾಗಲೇ ಅವಳ ವಯಸ್ಸು ಎರಡು ವರ್ಷ ಹೆಚ್ಚಾಗಿರುವುದೂ ಐದನೆಯದರಲ್ಲಿ ಜಡೆಯ ರಿಬ್ಬನ್ ಬಣ್ಣ ಬದಲಾಗಿರುವುದೂ ಕಣ್ಣಿಗೆ ಬಿತ್ತು. ಮಕ್ಕಳು ಇಂಥದ್ದನ್ನು ದೊಡ್ಡವರಿಗಿಂತ ಮೊದಲು ಗುರುತಿಸುತ್ತಾರೆ.

ಆದ್ದರಿಂದ ಒಂದು ಕಥೆಯನ್ನು ಹಿಡಿದು ಕೆಲಸ ಆರಂಭಿಸಿ ಎಂಬುದೇ ನನ್ನ ಸಲಹೆ. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಬಹುದಾದ, ಕನ್ನಡ ಕಥೆಗಳಿವೆ. ಲೇಖಕರ ಹೆಸರನ್ನು ನಮೂದಿಸಿ, ಅಂಥ ಪಠ್ಯಕ್ಕೆ ನಿಮ್ಮದೇ ಚಿತ್ರಗಳನ್ನು ಬರೆಯಬಹುದು. ದೊಡ್ಡ ಹಾಳೆಯನ್ನು ಮಡಿಸಿ ಮುದ್ರಿಸುವುದರಿಂದ ಚಿತ್ರಪುಸ್ತಕಗಳು ಹೆಚ್ಚಾಗಿ 24 ಅಥವಾ 32 ಪುಟಗಳಿರುತ್ತವೆ. ಮೊದಲು ಇಡೀ ಕಥೆಯನ್ನು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಪೆನ್ಸಿಲಿನಿಂದ ಹಂಚಿಕೊಂಡು, ಅವುಗಳಲ್ಲಿ ಮೂರು ಜೋಡಿಪುಟಗಳನ್ನಷ್ಟೇ (ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟಗಳು) ಪೂರ್ಣ ಬಣ್ಣದಲ್ಲಿ ಮುಗಿಸಿ. ಪೆನ್ಸಿಲ್ ಕರಡನ್ನೂ ಜೊತೆಗೆ ಕಳುಹಿಸಿ, ಏಕೆಂದರೆ ನೀವು ಕಥೆಯನ್ನು ಹೇಗೆ ಓದಿದ್ದೀರಿ ಎಂಬುದು ಅಲ್ಲಿಯೇ ತಿಳಿಯುತ್ತದೆ. ಭಾವಚಿತ್ರಗಳನ್ನು ಬಿಟ್ಟುಬಿಡಿ, ಎಷ್ಟೇ ಇಷ್ಟವಾದವಿದ್ದರೂ.

ಉತ್ತರ 2: ನಾನು ಪುಟವಿನ್ಯಾಸ ಮಾಡುವವಳು. ಮೇಲಿನವರು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ: ಅಕ್ಷರಗಳಿಗೆ ಜಾಗ ಬಿಡಿ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಅಂತರ ಹೆಚ್ಚು ಬೇಕಾಗುತ್ತದೆ; ಇಂಗ್ಲಿಷ್ ಪಠ್ಯಕ್ಕೆ ಸಾಲುವಷ್ಟು ಆಕಾಶ ಕನ್ನಡಕ್ಕೆ ಸಾಲದೆ, ಕೊನೆಯ ಸಾಲು ಮರದ ಎಲೆಗಳ ಮೇಲೆ ಕುಳಿತದ್ದನ್ನು ಹಲವು ಸಲ ನೋಡಿದ್ದೇನೆ. ಜೋಡಿಪುಟದ ನಟ್ಟನಡುವೆ ಮುಖವನ್ನು ಬರೆಯಬೇಡಿ, ಹೊಲಿಗೆಯ ಮಡಿಕೆಯಲ್ಲಿ ಮೂಗು ಮುಚ್ಚಿಹೋಗುತ್ತದೆ. ನಿಮ್ಮ ಮಾದರಿ ಪುಟದಲ್ಲಿ ಕಥೆಯ ಸಾಲುಗಳನ್ನು ನಿಜವಾಗಿಯೇ ಜೋಡಿಸಿ ತೋರಿಸಿದರೆ, ಪುಸ್ತಕ ಬಲ್ಲವರೆಂಬ ನಂಬಿಕೆ ನಮಗೆ ಮೊದಲ ನೋಟಕ್ಕೇ ಬರುತ್ತದೆ.

ಸಂಖ್ಯೆಯ ಬಗ್ಗೆ ಚಿಂತೆ ಬೇಡ. ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದ ಚಿತ್ರಪ್ರದರ್ಶನಕ್ಕೂ ಐದೇ ಚಿತ್ರಗಳನ್ನು ಕೇಳುತ್ತಾರೆ. ಪ್ರಕಾಶಕರಿಗೆ ಹತ್ತು ಹನ್ನೆರಡು ಸಾಕು; ಮಿಂಚಂಚೆಯಲ್ಲಿ ಸುಲಭವಾಗಿ ತೆರೆಯುವ ಒಂದೇ ಪಿಡಿಎಫ್ ಆಗಿರಲಿ, ಮೊದಲ ಪುಟದಲ್ಲಿಯೇ ನಿಮ್ಮ ಹೆಸರೂ ದೂರವಾಣಿ ಸಂಖ್ಯೆಯೂ ಇರಲಿ.