ಕೊಡಚಾದ್ರಿಗೆ ರೋಪ್‌ವೇ ಬೇಕಾ?

ಕೊಲ್ಲೂರು ಹುಡುಗ: ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಹಾಕುವ ಪ್ರಸ್ತಾಪ ಇದೆಯಲ್ಲ, ನನಗೆ ಅದು ಬೇಕು. ಕೆಳಗೆ ದರ್ಶನ ಮಾಡಿದ ಎಷ್ಟೋ ಜನ ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆಯನ್ನು ನೋಡದೇ ವಾಪಸ್ ಹೋಗುತ್ತಾರೆ. ವಯಸ್ಸಾದವರು ಬೆಟ್ಟ ಹತ್ತುವ ಆ ಜೀಪಿನ ಕುಲುಕಾಟ ತಡೆಯುತ್ತಾರಾ?

ನಿಟ್ಟೂರು ಜೀಪ್: ಅಜ್ಜ ಅಜ್ಜಿಯರನ್ನು ನಾವು ನಿಧಾನಕ್ಕೇ ಕರ್ಕೊಂಡು ಹೋಗುತ್ತೇವೆ ಮಾರಾಯ್ರೆ. ಈ ಬಾಡಿಗೆಯಲ್ಲೇ ನಮ್ಮ ಮನೆ ನಡೆಯುವುದು. ರೋಪ್‌ವೇ ಬಂದರೆ ನಾವು ಎಲ್ಲಿಗೆ ಹೋಗಬೇಕು?

ಕಾಸರಗೋಡಿನ ಭಕ್ತೆ: ನಮ್ಮ ಮನೆಯ ಮಕ್ಕಳಿಗೆಲ್ಲ ಅಕ್ಷರಾಭ್ಯಾಸ ಆಗಿದ್ದು ಕೊಲ್ಲೂರಿನಲ್ಲೇ. ಹಿರಿಯರು ಹೇಳುವ ಕಥೆ ನೆನಪಿದೆಯಾ? ಶಂಕರಾಚಾರ್ಯರು ಕೊಡಚಾದ್ರಿಯಲ್ಲಿ ತಪಸ್ಸು ಮಾಡಿದರು. ತಿರುಗಿ ನೋಡಬಾರದು ಅನ್ನುವ ಷರತ್ತಿನ ಮೇಲೆ ಅಮ್ಮ ಮೂಕಾಂಬಿಕೆ ಅವರ ಹಿಂದೆ ನಡೆದು ಬಂದಳು. ಗೆಜ್ಜೆ ಸದ್ದು ನಿಂತಿತೆಂದು ಅವರು ತಿರುಗಿ ನೋಡಿದ್ದಕ್ಕೆ ಕೊಲ್ಲೂರಿನಲ್ಲೇ ನಿಂತುಬಿಟ್ಟಳು. ಹತ್ತಲಾಗದವರಿಗಾಗಿ ಅಮ್ಮನೇ ಇಳಿದು ಬಂದಿದ್ದಾಳೆ ಅಲ್ವಾ? ನನ್ನ ಅತ್ತೆಗೆ ಮಂಡಿನೋವು. ಕೆಳಗೇ ಕೈಮುಗಿದು ಸಮಾಧಾನವಾಗಿ ಬರುತ್ತಾರೆ.

ಕೊಲ್ಲೂರು ಹುಡುಗ: ಕಥೆ ನನಗೂ ಗೊತ್ತು ಅಕ್ಕ. ಹಾಗಂತ ಮೇಲಿನ ಗುಡಿ ಕಾಲು ಗಟ್ಟಿ ಇದ್ದವರಿಗೆ ಮಾತ್ರವಾ?

ಹೊಸನಗರ ಮೇಷ್ಟ್ರು: ಬೆಟ್ಟದ ತುದಿಯನ್ನೂ ಸ್ವಲ್ಪ ಯೋಚಿಸಿ. 1,343 ಮೀಟರ್ ಎತ್ತರ, ಅಲ್ಲಿರುವ ಶಂಕರಾಚಾರ್ಯರ ಸರ್ವಜ್ಞ ಪೀಠ ಅಂದರೆ ಕಲ್ಲಿನ ಚಿಕ್ಕ ಗುಡಿ. ಸುತ್ತ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಅನ್ನುವ ದಟ್ಟ ಕಾಡು. ಕೊಲ್ಲೂರಿನ ಕಡೆಯ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು. ಭಕ್ತರು ಮೀಯುವ ಸೌಪರ್ಣಿಕೆಯ ನೀರು ಈ ಬೆಟ್ಟಸಾಲಿನದೇ. ಕಂಬ ನೆಡಲು ಮರ ಕಡಿದು, ದಿನವಿಡೀ ಜನರನ್ನು ಮೇಲೆ ಸುರಿದರೆ ಆ ಹುಲ್ಲು ಉಳಿಯುತ್ತದಾ? ಈಗಲೇ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಬಾಟಲಿ. ಮೊದಲು ಜೀಪ್ ದಾರಿ ಸರಿಮಾಡಲಿ, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಹಾಕಲಿ.

ನಿಟ್ಟೂರು ಜೀಪ್: ಮೇಷ್ಟ್ರೇ, ಮಿತಿ ಹಾಕುವುದಾದರೆ ಊರಿನ ಗಾಡಿಗಳಿಗೆ ಸರದಿ ಕೊಡಬೇಕು. ಇಲ್ಲದಿದ್ದರೆ ದುಡ್ಡಿದ್ದವರ ಜೀಪೇ ಓಡುತ್ತದೆ.

ಕೊಲ್ಲೂರು ಹುಡುಗ: ದಾರಿ ರಿಪೇರಿಗೆ ನನ್ನ ಒಪ್ಪಿಗೆಯೂ ಇದೆ. ಮೂಲ ಮೂಕಾಂಬಿಕೆಯ ಗುಡಿ ಹತ್ತಿರದವರೆಗೆ ಜೀಪು ಹೋಗುತ್ತದೆ, ಸರಿ. ಅಲ್ಲಿಂದ ಪೀಠಕ್ಕೆ ಕಡಿದಾದ ಏರು. ನಡೆಯಲಾಗದವರಿಗೆ ಏನು ಮಾಡುತ್ತೀರಿ, ಅದನ್ನು ಹೇಳಿ.

ಕಾಸರಗೋಡಿನ ಭಕ್ತೆ: ಅವರನ್ನು ಮೂಲ ಮೂಕಾಂಬಿಕೆಯ ಸನ್ನಿಧಿಯಲ್ಲಿ ಕೂರಿಸಿ. ದೇವಿಯ ಗುಡಿ ಇರುವುದು ಅಲ್ಲೇ ತಾನೇ?