ಷಿಕಾಗೋದ ಮೊನಾಡ್ನಾಕ್ ಕಟ್ಟಡ: ಅರ್ಧ ದಿನದಲ್ಲಿ ಏನು ನೋಡಬೇಕು?

ಹಾಸನದ_ಹಳಬ:
ಮುಂದಿನ ತಿಂಗಳು ಹಾಸನದಿಂದ ಷಿಕಾಗೋಗೆ, ಮಗಳ ಮನೆಗೆ ಹೊರಟಿದ್ದೇವೆ. ಹಳೇ ಗಗನಚುಂಬಿಗಳಲ್ಲಿ ಮೊನಾಡ್ನಾಕ್ ಒಂದನ್ನಾದರೂ ಸರಿಯಾಗಿ ನೋಡುವ ಆಸೆ. 16 ಮಹಡಿಯೂ ಬರೀ ಇಟ್ಟಿಗೆ ಗೋಡೆಯ ಮೇಲೆ ನಿಂತಿದೆ ಅನ್ನುವುದು ನಿಜವೇ? ಎಲ್ಲಿ ನಿಂತು ಏನು ನೋಡಬೇಕು?

ಪಾಯದ_ಕಲ್ಲು:
ಅರ್ಧ ನಿಜ ಸರ್. ಅಲ್ಲಿರುವುದು ಬೆನ್ನಿಗೆ ಬೆನ್ನು ಹಚ್ಚಿದ ಎರಡು ಕಟ್ಟಡ. ಉತ್ತರದ್ದು ಬರ್ನ್‌ಹ್ಯಾಮ್-ರೂಟ್ ಎಂಬ ವಾಸ್ತುಶಿಲ್ಪಿ ಜೋಡಿಯದು, 1891ರದ್ದು. ಅದರ ಹೊರಗೋಡೆ ಭಾರ ಹೊರುವ ಇಟ್ಟಿಗೆ ಗೋಡೆಯೇ, ಆದರೆ ಒಳಗೆ ಕಬ್ಬಿಣದ ಕಂಬಗಳೂ ಗಾಳಿಯ ಹೊಡೆತ ತಡೆಯುವ ಕಬ್ಬಿಣದ ಕಟ್ಟೂ ಇವೆ. ದಕ್ಷಿಣದ್ದು ಹೊಲಾಬರ್ಡ್-ರೋಶ್ ಅವರದು, 1893. ಅದು ಉಕ್ಕಿನ ಚೌಕಟ್ಟು, ಇಟ್ಟಿಗೆ ಬರೀ ಹೊದಿಕೆ.

ಜಾಕ್ಸನ್-ಡಿಯರ್‌ಬಾರ್ನ್ ಮೂಲೆಯಿಂದ ಶುರುಮಾಡಿ. ನೆಲಮಹಡಿಯ ಕಿಟಕಿ ಎಷ್ಟು ಒಳಗೆ ಕೂತಿದೆ ನೋಡಿ. ಬುಡದಲ್ಲಿ ಗೋಡೆ 6 ಅಡಿ ದಪ್ಪ, ತುದಿಗೆ ಹೋಗುವಾಗ ಸುಮಾರು 18 ಅಂಗುಲ. ನಮ್ಮ ಕಡೆಯ ಮಣ್ಣುಗೋಡೆಯ ತೊಟ್ಟಿಮನೆ ನೋಡಿದವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ: ಮೇಲಿನ ಮಹಡಿಗಳ ಭಾರವೆಲ್ಲ ಕೆಳಗಿನ ಇಟ್ಟಿಗೆಯ ಮೇಲೆ. ಒಳ್ಳೆ ಬಾಡಿಗೆ ಬರುವ ನೆಲಮಹಡಿಯನ್ನೇ ಗೋಡೆ ನುಂಗುತ್ತದೆ.

ಆಮೇಲೆ ಡಿಯರ್‌ಬಾರ್ನ್ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆಯಿರಿ. ಬೋಳು ಗೋಡೆ ಮುಗಿದು ಅಲಂಕಾರ ಶುರುವಾಗುವ ಕಡೆಯೇ ಎರಡೂ ಕಟ್ಟಡದ ಕೂಡುಜಾಗ. ನನ್ನ ಮಟ್ಟಿಗೆ ಬೋಳು ಭಾಗವೇ ಚೆಂದ. ಬುಡ ಹೊರಕ್ಕೆ ಬಾಗಿ, ತುದಿ ಮತ್ತೆ ಹೊರಕ್ಕೆ ಚಾಚಿ, ಮೂಲೆಗಳನ್ನು ಓರೆಯಾಗಿ ಕತ್ತರಿಸಿದ ಪಟ್ಟಿ ಮೇಲೇರಿದಂತೆ ಅಗಲವಾಗುತ್ತದೆ. ಅದಕ್ಕಾಗಿಯೇ ಬಾಗಿದ ಇಟ್ಟಿಗೆ ಅಚ್ಚು ಹಾಕಿಸಿದ್ದರು.

ಗಿರಿ_ಸಾಲು:
ಚಿಕ್ಕಮಗಳೂರಿನವರಿಗೆ ಒಂದು ಖುಷಿ: ಹೆಸರು ನ್ಯೂ ಹ್ಯಾಂಪ್‌ಷೈರ್‌ನ ಬೆಟ್ಟದ್ದು. ನಾವು ಕಟ್ಟಡಕ್ಕೆ ‘ಮುಳ್ಳಯ್ಯನಗಿರಿ’ ಅಂತಿಟ್ಟ ಹಾಗೆ.

ಪಾಯದ ವಿಷಯ ಬಿಟ್ಟುಹೋಯಿತು. ಅಲ್ಲಿನದು ಮೆತ್ತನೆ ಜೇಡಿ. ಗಟ್ಟಿನೆಲದವರೆಗೆ ಇಳಿಯದೆ, ಉಕ್ಕನ್ನು ಅಡ್ಡಡ್ಡ ಜೋಡಿಸಿ ಕಾಂಕ್ರೀಟ್ ಸುರಿದು ಚಾಪೆಯ ಹಾಗೆ ಹಾಸಿದರು. 8 ಅಂಗುಲ ಕುಸಿಯಬಹುದೆಂದು ಲೆಕ್ಕ ಹಾಕಿದ್ದರು. ಇಪ್ಪತ್ತನೇ ಶತಮಾನದ ನಡುಭಾಗದ ಹೊತ್ತಿಗೆ 20 ಅಂಗುಲ ಇಳಿದಿತ್ತು. ಭಾರಕ್ಕೆ ಜೇಡಿಯೊಳಗಿನ ನೀರು ನಿಧಾನವಾಗಿ ಹಿಂಡಿಹೋಗುತ್ತದೆ, ಹಾಗಾಗಿ ಕುಸಿತ ವರ್ಷಗಟ್ಟಲೆ ನಿಲ್ಲುವುದಿಲ್ಲ. ರಸ್ತೆಯಿಂದ ಒಳಗೆ ಕಾಲಿಡುವಾಗ ನೆಲ ಎಷ್ಟು ತಗ್ಗಿನಲ್ಲಿದೆ ಗಮನಿಸಿ.

ಹಾಸನದ_ಹಳಬ:
ಒಳಗೆ ಬಿಡುತ್ತಾರಾ?

ಪಾಯದ_ಕಲ್ಲು:
ಈಗಲೂ ಆಫೀಸುಗಳಿರುವ ಕಟ್ಟಡ, ಕೆಲಸದ ದಿನ ಹೋಗಿ. ನೆಲಮಹಡಿಯ ಉದ್ದ ಪಡಸಾಲೆಯಲ್ಲಿ ಅಂಗಡಿಗಳಿವೆ. ಮೆಟ್ಟಿಲ ಅಲ್ಯೂಮಿನಿಯಂ ಕೆಲಸ ನೋಡದೆ ಬರಬೇಡಿ, ಕಟ್ಟಡಕ್ಕೆ ಆ ಲೋಹ ಬಳಸಿದ ಮೊದಮೊದಲ ಉದಾಹರಣೆ ಅದು. ಓಹೇರ್ ವಿಮಾನ ನಿಲ್ದಾಣದಿಂದ ಬ್ಲೂ ಲೈನ್ ರೈಲು ಹತ್ತಿದರೆ ಜಾಕ್ಸನ್‌ನಲ್ಲಿ ಇಳಿಯಬಹುದು, ಅಲ್ಲಿಂದ ಎರಡು ಹೆಜ್ಜೆ. ಡಿಯರ್‌ಬಾರ್ನ್ ಕಡೆಯದು ಪೂರ್ವದ ಮುಖ, ಫೋಟೋಗೆ ಬೆಳಗಿನ ಬಿಸಿಲೇ ಸರಿ. ದಕ್ಷಿಣದ ವ್ಯಾನ್ ಬ್ಯೂರೆನ್ ಕಡೆ ಮೇಲುಸೇತುವೆ ರೈಲು ಅಡ್ಡ ಬರುತ್ತದೆ.

ಗಿರಿ_ಸಾಲು:
ಸಮಯ ಉಳಿದರೆ ಲಸಾಲ್-ಆಡಮ್ಸ್ ಮೂಲೆಯ ರೂಕರಿ ಕಟ್ಟಡಕ್ಕೂ ಹೋಗಿ, ನಡೆದೇ ಹೋಗಬಹುದು. 1888ರದ್ದು, ಅದೇ ಬರ್ನ್‌ಹ್ಯಾಮ್-ರೂಟ್ ಅವರದು. ಗಾಜಿನ ಸೂರಿನ ಒಳಾಂಗಣವನ್ನು 1905ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಿಳಿ ಅಮೃತಶಿಲೆಯಲ್ಲಿ ಹೊಸದು ಮಾಡಿದ. ಹೋಮ್ ಇನ್ಶೂರೆನ್ಸ್ ಕಟ್ಟಡ ಹುಡುಕುತ್ತಾ ಅಲೆಯಬೇಡಿ, ‘ಮೊದಲ ಗಗನಚುಂಬಿ’ ಅನ್ನಿಸಿಕೊಂಡ ಅದನ್ನು 1931ರಲ್ಲೇ ಕೆಡವಿದರು.