ಪದಚರ್ಚೆ: ತೊಡೆಯಿಂದ ಚರ್ಮ ತೆಗೆದ ಜಾಗಕ್ಕೆ ‘ದಾನಿ ಸ್ಥಳ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪ್ಲಾಸ್ಟಿಕ್ ಸರ್ಜರಿ ವಿಭಾಗದ ಒಂದು ಸಂಶೋಧನೆಗಾಗಿ ರೋಗಿಗಳಿಗೆ ಕೊಡುವ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಸಿದ್ಧ ಮಾಡುತ್ತಿದ್ದೇನೆ. ನಾಲ್ಕೈದು ಪದಗಳಲ್ಲಿ ನಿಮ್ಮ ನೆರವು ಬೇಕಾಗಿದೆ. ಮೊದಲು ವಿಷಯ ಹೇಳುತ್ತೇನೆ.

ಸುಟ್ಟ ಗಾಯ ಆಳವಾಗಿದ್ದರೆ ಅದು ತಾನಾಗಿ ಮಾಯುವುದಿಲ್ಲ. ಆಗ ರೋಗಿಯ ತೊಡೆಯಿಂದಲೇ ತೆಳುವಾಗಿ ಚರ್ಮ ತೆಗೆದು ಗಾಯದ ಮೇಲೆ ಹಾಕುತ್ತಾರೆ. ಹೀಗೆ ಚರ್ಮ ತೆಗೆದ ತೊಡೆಗೆ ಎರಡು ಬಗೆಯ ಡ್ರೆಸಿಂಗ್‌ಗಳಲ್ಲಿ ಯಾವುದನ್ನು ಹಾಕಿದರೆ ನೋವು ಕಡಿಮೆ, ಯಾವುದರಿಂದ ಬೇಗ ಮಾಯುತ್ತದೆ ಎಂದು ನೋಡುವುದು ಈ ಸಂಶೋಧನೆಯ ಉದ್ದೇಶ. ಸೇರುವವರಿಗೆ ಎಲ್ಲವನ್ನೂ ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಓದು ಬಾರದವರಾದರೆ, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಬೇಕು. ಹಾಗಾಗಿ ನನ್ನ ಅಳತೆಗೋಲು ಒಂದೇ. ಗಟ್ಟಿಯಾಗಿ ಓದಿದಾಗ, ಮಂಚದ ಮೇಲೆ ಮಲಗಿರುವವರ ಕಣ್ಣ ಮುಂದೆ ಏನು ಬರುತ್ತದೆ? ಪದಕೋಶದಲ್ಲಿ ಸರಿ ಇದ್ದರೆ ಸಾಲದು.

ಈಗ ಮುಖ್ಯ ಪ್ರಶ್ನೆ. ಚರ್ಮ ತೆಗೆದ ಜಾಗಕ್ಕೆ ಡಾಕ್ಟರುಗಳು ‘ಡೋನರ್ ಸೈಟ್’ ಅನ್ನುತ್ತಾರೆ. ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ಅದು ‘ದಾನಿ ಸ್ಥಳ’ ಆಗಿದೆ. ಪದಕ್ಕೆ ಪದ ಸರಿಯಾಗೇ ಇದೆ. ಆದರೆ ‘ದಾನಿ’ ಅಂದ ಕೂಡಲೇ ನಮಗೆ ಇನ್ನೊಬ್ಬ ಮನುಷ್ಯ ನೆನಪಾಗುತ್ತಾನೆ. ರಕ್ತದಾನಿ, ನೇತ್ರದಾನಿ ಇದ್ದ ಹಾಗೆ. ಚರ್ಮದ ವಿಷಯದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಏಕೆಂದರೆ ಚರ್ಮದಾನ ಎಂಬುದು ನಿಜವಾಗಿಯೂ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ತೀರಿಕೊಂಡವರ ದೇಹದಿಂದ ಸುಮಾರು 6 ಗಂಟೆಯೊಳಗೆ ಚರ್ಮ ತೆಗೆದು, ಗ್ಲಿಸರಾಲ್‌ನಲ್ಲಿ ಕಾಪಾಡಿ, ತುಂಬ ಸುಟ್ಟವರಿಗೆ ಬಳಸುತ್ತಾರೆ. ಅದು ತಾತ್ಕಾಲಿಕ ಹೊದಿಕೆ ಮಾತ್ರ. ಬೇರೆಯವರ ಚರ್ಮವನ್ನು ದೇಹ ಕೆಲವು ವಾರಗಳಲ್ಲಿ ಬಿಟ್ಟುಬಿಡುತ್ತದೆ. ಕೊನೆಗೆ ಉಳಿಯುವುದು ತನ್ನದೇ ಚರ್ಮ.

ಒಂದೇ ವಾರ್ಡಿನಲ್ಲಿ ಈ ಎರಡೂ ನಡೆಯಬಹುದು. ಎರಡಕ್ಕೂ ‘ದಾನಿ’ ಅಂದರೆ ಹೇಗೆ? ‘ದಾನಿ ಸ್ಥಳದಲ್ಲಿ ನೋವಿರುತ್ತದೆ’ ಎಂಬ ವಾಕ್ಯ ಆ ಕರಡಿನಲ್ಲಿದೆ. ಕೇಳಿದವರು ನೋವು ಬೇರೆ ಯಾರಿಗೋ ಅಂದುಕೊಂಡರೆ ಅವರ ತಪ್ಪಲ್ಲ. ಇಲ್ಲಿ ಮುಚ್ಚಿಡಬಾರದ ಮಾತು ಅದೇ ಆಗಿದೆ. ಚರ್ಮ ಹಾಕಿಸಿಕೊಂಡ ಗಾಯಕ್ಕಿಂತ ಚರ್ಮ ತೆಗೆದ ತೊಡೆಯೇ ಮೊದಲ ಕೆಲವು ದಿನ ಹೆಚ್ಚು ನೋಯುವುದು ಸಾಮಾನ್ಯ. ಮೇಲಿನ ಪದರ ಹೋಗಿ ನರದ ತುದಿಗಳು ತೆರೆದುಕೊಂಡಿರುತ್ತವೆ. ಇದನ್ನು ಮೊದಲೇ ತಿಳಿಯದೆ ಸಹಿ ಹಾಕಿದರೆ ಆ ಒಪ್ಪಿಗೆಗೆ ಬೆಲೆಯೇನು?

‘ಚರ್ಮ ತೆಗೆದ ಜಾಗ’ ಎಂಬುದು ನನ್ನ ಸಲಹೆ. ಅದಕ್ಕೂ ಒಂದು ಆಕ್ಷೇಪ ಬಂದಿದೆ. ‘ತೆಗೆದ’ ಅಂದರೆ ಪೂರ್ತಿ ಸುಲಿದ ಹಾಗೆ ಕೇಳಿಸುತ್ತದಂತೆ. ಇದು ತಳ್ಳಿಹಾಕುವ ಮಾತಲ್ಲ. ಸಾಮಾನ್ಯವಾಗಿ ತೆಗೆಯುವುದು ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ದಪ್ಪದ ಪದರ. ಕೂದಲ ಬುಡ, ಬೆವರಿನ ಗ್ರಂಥಿ ಎಲ್ಲ ಕೆಳಗೇ ಉಳಿಯುತ್ತವೆ. ಅಲ್ಲಿಂದಲೇ ಹೊಸ ಚರ್ಮ ಹರಡಿಕೊಂಡು ಸುಮಾರು ಎರಡು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಕೆಲಸದ ರೀತಿ ನೋಡಿದರೆ ‘ಹೆರೆಯುವುದು’ ತುಂಬ ಹತ್ತಿರದ ಕ್ರಿಯಾಪದ. ಆದರೆ ಆಪರೇಷನ್ನಿಗೆ ಕಾಯುತ್ತಿರುವವರ ಎದುರು ಆ ಪದ ಆಡಲು ನನಗೆ ಮನಸ್ಸಿಲ್ಲ. ‘ತೊಡೆಯಿಂದ ತೆಳುವಾಗಿ ಚರ್ಮ ತೆಗೆದ ಜಾಗ’ ಎಂದು ಮೊದಲ ಸಲ ಪೂರ್ತಿ ಹೇಳಿ, ಆಮೇಲೆ ‘ತೊಡೆಯ ಗಾಯ’ ಎಂದರೆ ಸಾಕಲ್ವಾ? ಇದಕ್ಕಿಂತ ಚೆನ್ನಾದದ್ದು ಹೊಳೆದರೆ ಹೇಳಿ.

ಎರಡನೆಯದು ಗ್ರಾಫ್ಟ್ ಮತ್ತು ಫ್ಲ್ಯಾಪ್, ಗಾಯದ ಮೇಲೆ ಚರ್ಮ ಹಾಕುವ ಎರಡು ಬಗೆ. ಗ್ರಾಫ್ಟ್‌ಗೆ ‘ಕಸಿ’ ನೆಲೆ ನಿಂತಿದೆ. ನನಗೂ ಆ ಪದ ಇಷ್ಟ. ಚರ್ಮ ಚೆನ್ನಾಗಿ ಕೂಡಿಕೊಂಡರೆ ‘ಹಿಡಿಯಿತು’ ಅನ್ನುವುದೂ ಸಹಜವಾಗಿ ಬರುತ್ತದೆ. ಬೇರೆ ಮಾಡಿ ತಂದ ಚರ್ಮಕ್ಕೆ ತನ್ನದೇ ರಕ್ತದ ಓಡಾಟ ಇರುವುದಿಲ್ಲ. ಮೊದಲ ಎರಡು ದಿನ ಅದು ಕೆಳಗಿನ ಗಾಯದಿಂದ ಒಸರುವ ನೀರನ್ನೇ ಹೀರಿಕೊಂಡು ಬದುಕುತ್ತದೆ. ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಐದನೇ ದಿನದ ಹೊತ್ತಿಗೆ ಡ್ರೆಸಿಂಗ್ ಬಿಚ್ಚಿ ಹಿಡಿದಿದೆಯಾ ಎಂದು ನೋಡುತ್ತಾರೆ.

ಫ್ಲ್ಯಾಪ್ ಹಾಗಲ್ಲ. ಅಲ್ಲಿ ಚರ್ಮದ ಒಂದು ಕಡೆ ಮೂಲ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ. ರಕ್ತ ಆ ಕಡೆಯಿಂದ ಬರುತ್ತದೆ. ಕೈಯ ಮೇಲಿನ ದೊಡ್ಡ ಗಾಯಕ್ಕೆ ತೊಡೆಸಂದಿಯ ಚರ್ಮವನ್ನು ಹೊಲಿದು, ಕೈಯನ್ನು ಸುಮಾರು ಮೂರು ವಾರ ಅಲ್ಲೇ ಇರಿಸಿ, ಹಿಡಿದ ಮೇಲೆ ಬೇರೆ ಮಾಡುತ್ತಾರೆ. ಹೀಗೆ ಮೂರು ವಾರ ಕೈ ಕಟ್ಟಿಹಾಕಿಕೊಂಡು ಇರಬೇಕಾದವರಿಗೆ ಇದನ್ನೂ ‘ಕಸಿ’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ‘ಪದರ’, ‘ಪಟ್ಟಿ’, ‘ಮಡಿಕೆ’ ಎಂಬ ಪದಗಳನ್ನು ನೋಡಿದ್ದೇನೆ. ಯಾವುದೂ ಮುಖ್ಯ ವಿಷಯವನ್ನು ಮುಟ್ಟುವುದಿಲ್ಲ. ಇಲ್ಲಿ ಮುಖ್ಯವಾದದ್ದು ರಕ್ತ ತರುವ ಬುಡ. ಅದಕ್ಕೆ ನಮ್ಮಲ್ಲಿ ‘ತೊಟ್ಟು’ ಎಂಬ ಒಳ್ಳೆಯ ಪದ ಇದೆ. ‘ತೊಟ್ಟು ಬಿಡಿಸದ ಚರ್ಮ’ ಅಥವಾ ‘ತೊಟ್ಟುಕಸಿ’ ಅನ್ನಬಹುದೇ?

ತೋಟದ ಕೆಲಸ ಗೊತ್ತಿರುವವರಿಗೆ ಇನ್ನೊಂದು ಕೇಳಬೇಕು. ಮಾವಿನ ಸಸಿಯನ್ನು ತಾಯಿಮರದ ಹತ್ತಿರ ತಂದು, ಸಸಿಯನ್ನೂ ಕೊಂಬೆಯನ್ನೂ ಕೆತ್ತಿ, ಎರಡನ್ನೂ ಸೇರಿಸಿ ಕಟ್ಟುತ್ತಾರೆ. ಕೂಡಿಕೊಂಡ ಮೇಲೆ ಕೊಂಬೆಯನ್ನು ತಾಯಿಮರದಿಂದ ಕತ್ತರಿಸುತ್ತಾರೆ. ಫ್ಲ್ಯಾಪ್ ನಡೆಯುವುದು ಹೆಚ್ಚುಕಡಿಮೆ ಹೀಗೇ. ತೋಟಗಾರಿಕೆ ಇಲಾಖೆಯ ಪುಸ್ತಿಕೆಗಳಲ್ಲಿ ಈ ಬಗೆಗೆ ‘ಸಾಮೀಪ್ಯ ಕಸಿ’ ಎಂದಿರುತ್ತದೆ. ರೈತರು ತಮ್ಮಲ್ಲಿ ಆಡುವಾಗ ಏನನ್ನುತ್ತಾರೆ? ಆ ಪದ ಸಿಕ್ಕರೆ ನನ್ನ ‘ತೊಟ್ಟುಕಸಿ’ಯನ್ನು ಸಂತೋಷದಿಂದ ಕೈಬಿಡುತ್ತೇನೆ.

ಈ ತೊಟ್ಟಿನ ಕೆಲಸಕ್ಕೆ ನಮ್ಮ ನೆಲದ ಚರಿತ್ರೆಯ ನಂಟೂ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕವಾಸ್ಜಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಆಮೇಲೆ ಪುಣೆಯ ಕಡೆ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ತೊಟ್ಟು ಉಳಿಸಿ ಕೆಳಗೆ ತಿರುಗಿಸಿ ಮೂಗು ಕಟ್ಟಿಕೊಟ್ಟ. ಅಳತೆಗೆ ಮೊದಲು ಮೇಣದ ಮೂಗು ಮಾಡಿಕೊಂಡಿದ್ದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ವರದಿ ಬಂತು. ಅದರಿಂದ ಕಲಿತು ಅಲ್ಲಿನ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲೇ ಇಂಥ ಆಪರೇಷನ್ ಮಾಡಿದ. ಅಕ್ಷರ ಬಲ್ಲವರ ಭಾಷೆಗೆ ಹೊರಗೆ ಬೆಳೆದ ವಿದ್ಯೆ ಅದು. ಆ ಕಸುಬಿನವರ ಬಾಯಲ್ಲಿ ಇದ್ದಂಥ ಪದಗಳು ಇಂದಿಗೂ ಎಲ್ಲಾದರೂ ಉಳಿದಿದ್ದರೆ ನಮಗೆ ಬೇಕು. ಅದಕ್ಕೇ ತೋಟ, ಹೊಲಿಗೆ, ಚರ್ಮದ ಕೆಲಸದ ಪದಗಳನ್ನೂ ಕಳಿಸಿ ಎಂದು ಕೇಳುತ್ತಿದ್ದೇನೆ.

ಮೂರನೆಯದು ರ್‍ಯಾಂಡಮ್. ಯಾರಿಗೆ ಯಾವ ಡ್ರೆಸಿಂಗ್ ಎಂದು ಡಾಕ್ಟರು ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಕಂಪ್ಯೂಟರ್ ಪಟ್ಟಿಯಲ್ಲಿ ಬಂದ ಹಾಗೆ. ಕರಡಿನಲ್ಲಿ ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಎಂದಿದೆ. ಓದಿ ಹೇಳುವವರ ನಾಲಿಗೆಗೇ ಅದು ತಿರುಗುವುದಿಲ್ಲ. ‘ಚೀಟಿ ಎತ್ತಿದ ಹಾಗೆ’ ಎಂದು ಬದಲಿಸಿದೆ. ತಿಳಿಯುತ್ತದೆ, ನಿಜ. ಆದರೆ ನಮ್ಮ ಕಡೆ ಚೀಟಿ ಎತ್ತುವುದು ಅಂದರೆ ತಿಂಗಳ ಚೀಟಿಯ ದುಡ್ಡು ಕೈಗೆ ಬರುವುದು ಕೂಡ. ‘ಲಾಟರಿ’ ಅಂದರೆ ಇನ್ನೂ ಕಷ್ಟ. ಒಂದು ಡ್ರೆಸಿಂಗ್ ಸಿಕ್ಕವರು ಗೆದ್ದರು, ಇನ್ನೊಂದು ಸಿಕ್ಕವರು ಸೋತರು ಎಂದಾಗುತ್ತದೆ. ಯಾವುದು ಮೇಲು ಎಂದು ಇನ್ನೂ ಗೊತ್ತಿಲ್ಲ, ಅದಕ್ಕೇ ಸಂಶೋಧನೆ. ಈ ಮಾತು ಕೆಡದ ಹಾಗೆ ಹೇಳಬೇಕು. ‘ನಾಣ್ಯ ಚಿಮ್ಮಿದ ಹಾಗೆ’ ಎಂಬುದನ್ನು ಸದ್ಯಕ್ಕೆ ಇಟ್ಟಿದ್ದೇನೆ. ಪದವನ್ನೇ ಬಿಟ್ಟು, ‘ಡಾಕ್ಟರೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ’ ಎಂದು ಬಿಡಿಸಿ ಹೇಳುವುದು ನನಗೆ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ.

‘ಕುರುಡು ಪರೀಕ್ಷೆ’ (ಯಾರಿಗೆ ಯಾವ ಡ್ರೆಸಿಂಗ್ ಎಂದು ತಿಳಿಸದೆ ನಡೆಸುವ ಪರೀಕ್ಷೆ) ಎಂಬುದನ್ನಂತೂ ಪೂರ್ತಿ ತೆಗೆದಿದ್ದೇನೆ. ಡ್ರೆಸಿಂಗ್ ಕಟ್ಟುವವರಿಗೆ ಅದು ಯಾವುದೆಂದು ಕಾಣದೆ ಇರುವುದಿಲ್ಲ. ಆಮೇಲೆ ಫೋಟೋ ನೋಡಿ ಅಂಕ ಕೊಡುವ ಡಾಕ್ಟರಿಗೆ ಮಾತ್ರ ತಿಳಿಸುವುದಿಲ್ಲ. ಅದನ್ನೇ ಹಾಗೇ ಬರೆದರಾಯಿತು.

ನಾಲ್ಕನೆಯದಕ್ಕೆ ನಿಮ್ಮ ಊರುಗಳ ನೆರವು ತುಂಬ ಬೇಕು. ಗಾಯ ಮಾಯ್ದ ಮೇಲೆ ಉಳಿಯುವ ಕಲೆಯನ್ನು ಅಳೆಯಲು ‘ಪೋಸಾಸ್’ ಎಂಬ ಪ್ರಶ್ನಾವಳಿ ಇದೆ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಪ್ರಕಟಿಸಿದ್ದು. ಅದರ ವಿಶೇಷ ಏನೆಂದರೆ ಡಾಕ್ಟರಷ್ಟೇ ಅಲ್ಲ, ರೋಗಿಯೂ ಅಂಕ ಕೊಡುತ್ತಾರೆ. ನೋವಿದೆಯಾ, ತುರಿಕೆ ಇದೆಯಾ, ಬಣ್ಣ ಬೇರೆಯಾಗಿದೆಯಾ, ಗಟ್ಟಿಯಾಗಿದೆಯಾ, ದಪ್ಪವಾಗಿದೆಯಾ, ಉಬ್ಬುತಗ್ಗು ಇದೆಯಾ ಎಂದು 1ರಿಂದ 10ರವರೆಗೆ ಹೇಳಬೇಕು. ಕಲೆ ಹಣ್ಣಾಗಲು, ಅಂದರೆ ಮೆತ್ತಗಾಗಿ ಒಂದು ಸ್ಥಿತಿಗೆ ಬಂದು ನಿಲ್ಲಲು, ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟು ಕಾಲ ಅದರ ಜೊತೆ ಬದುಕುವವರ ಮಾತಿಗೆ ಅಂಕ ಸಿಕ್ಕಿದ್ದು ದೊಡ್ಡ ವಿಷಯ ಎಂದೇ ನಾನು ನಂಬಿದ್ದೇನೆ. ಪ್ರಶ್ನೆಯ ಪದ ತಪ್ಪಿದರೆ ಆ ಅಂಕವೂ ತಪ್ಪುತ್ತದೆ.

‘ತುರಿಕೆ’ ಪುಸ್ತಕದಲ್ಲಿ ಎಲ್ಲರಿಗೂ ಗೊತ್ತು. ಆಡುವಾಗ ಮೈಸೂರು ಕಡೆ ‘ನವೆ’, ಕೆಲವರಿಗೆ ‘ಕಡಿತ’, ಉತ್ತರ ಕರ್ನಾಟಕದಲ್ಲಿ ‘ತಿಂಡಿ’. ಬೆಂಗಳೂರಿನಲ್ಲಿ ‘ತಿಂಡಿ ಇದೆಯಾ’ ಅಂದರೆ ಅರ್ಥವೇ ಬೇರೆ. ಪದದ ಜೊತೆ ಇನ್ನೊಂದು ತೊಡಕಿದೆ. ನವೆ ಬಂದರೆ ಗಾಯ ಮಾಯುತ್ತಿದೆ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಹಾಗಾಗಿ ರಾತ್ರಿಯೆಲ್ಲ ನಿದ್ದೆಗೆಡಿಸುವ ನವೆ ಇದ್ದರೂ ಅದನ್ನು ತೊಂದರೆ ಎಂದು ಹೇಳದೇ ಇರಬಹುದು. ‘ನವೆಯಿಂದ ನಿದ್ದೆ ಕೆಡುತ್ತದೆಯೇ’ ಎಂದು ಉಪಪ್ರಶ್ನೆ ಸೇರಿಸುವ ಹಕ್ಕು ಅನುವಾದಕರಿಗೆ ಇಲ್ಲ. ಪ್ರಶ್ನಾವಳಿಯನ್ನು ಬದಲಿಸುವ ಹಾಗಿಲ್ಲ. ಇರುವ ಪದವೇ ಆ ಭಾರ ಹೊರಬೇಕು.

‘ಗಟ್ಟಿ’ ಮತ್ತು ‘ಬಿಗಿ’ ನಡುವೆಯೂ ತೀರ್ಮಾನ ಆಗಿಲ್ಲ. ಮುಟ್ಟಿದರೆ ಗಡುಸಾಗಿರುವುದು ಒಂದು, ಕೈ ಚಾಚಿದಾಗ ಚರ್ಮ ಜಗ್ಗುವುದು ಇನ್ನೊಂದು. ಪ್ರಶ್ನೆ ಕೇಳುವುದು ಮೊದಲನೆಯದನ್ನು. ‘ಬಿಗಿ’ ಅಂದರೆ ಜನ ಎರಡನೆಯದಕ್ಕೆ ಉತ್ತರ ಕೊಡುತ್ತಾರೆ ಎಂಬುದು ನನ್ನ ಊಹೆ. ಹಾಗೆಯೇ ‘ಕಲೆ’ ಒಂದೇ ಬರೆದರೆ ‘ಕಲೆಯ ಮೌಲ್ಯಮಾಪನ’ ಚಿತ್ರಕಲೆಯ ಪರೀಕ್ಷೆಯಂತೆ ಓದಿಸಿಕೊಳ್ಳುತ್ತದೆ. ಎಲ್ಲ ಕಡೆ ‘ಗಾಯದ ಕಲೆ’ ಎಂದೇ ಬರೆಯುತ್ತಿದ್ದೇನೆ. ಉಬ್ಬಿದ ಕಲೆಗೂ, ಗಾಯದ ಅಂಚು ದಾಟಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಬೆಳೆಯುವ ಕೀಲಾಯ್ಡ್‌ಗೂ ನಿಮ್ಮಲ್ಲಿ ಬೇರೆ ಬೇರೆ ಹೆಸರಿವೆಯೇ?

ಕೊನೆಗೆ ವಿಭಾಗದ ಹೆಸರು. ‘ಸುರೂಪಿಕಾ ಶಸ್ತ್ರಚಿಕಿತ್ಸೆ’ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಅಂಟಿಕೊಂಡ ಬೆರಳು ಬಿಡಿಸಿಕೊಂಡು ಮತ್ತೆ ತುತ್ತು ಎತ್ತಬೇಕು ಎಂದು ಬಂದವರಿಗೆ ‘ಸುರೂಪ’ದ ಮಾತು ಹೊಂದುವುದಿಲ್ಲ. ‘ಪ್ಲಾಸ್ಟಿಕ್ ಸರ್ಜರಿ’ ಎಂದೇ ಇಟ್ಟರೆ ಪ್ಲಾಸ್ಟಿಕ್ ಹಾಕುತ್ತಾರಾ ಎಂಬ ಪ್ರಶ್ನೆ ಬರುತ್ತದೆ. ಈ ಹೆಸರು ಆ ವಸ್ತುವಿಗಿಂತ ಹಳೆಯದು. ಗ್ರೀಕಿನಲ್ಲಿ ರೂಪ ಕೊಡುವುದು ಎಂಬ ಅರ್ಥದ ಪದದಿಂದ ಬಂದದ್ದು. ಜರ್ಮನಿಯ ಎಡ್ವರ್ಡ್ ಜೈಸ್ 1838ರಲ್ಲೇ ಈ ಹೆಸರಿಟ್ಟು ಪುಸ್ತಕ ಬರೆದಿದ್ದ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ಬಂದದ್ದು 1907ರಲ್ಲಿ. ನಾನು ‘ಪ್ಲಾಸ್ಟಿಕ್ ಸರ್ಜರಿ’ಯನ್ನೇ ಉಳಿಸಿ, ಕೆಳಗೆ ‘ಇದರಲ್ಲಿ ಪ್ಲಾಸ್ಟಿಕ್ ಬಳಸುವುದಿಲ್ಲ. ನಿಮ್ಮದೇ ಚರ್ಮ ಬಳಸುತ್ತಾರೆ’ ಎಂದು ಒಂದು ಸಾಲು ಸೇರಿಸುತ್ತಿದ್ದೇನೆ.

ಉತ್ತರ ಬರೆಯುವಾಗ ಪದದ ಜೊತೆ ನಿಮ್ಮ ಜಿಲ್ಲೆ ಅಥವಾ ತಾಲ್ಲೂಕಿನ ಹೆಸರು ಹಾಕಿ. ಮನೆಯಲ್ಲಿ ಆಡುವ ಹಾಗೇ ಒಂದು ವಾಕ್ಯ ಬರೆದರೆ ಇನ್ನೂ ಒಳ್ಳೆಯದು. ಬರೀ ಪದಕ್ಕಿಂತ ವಾಕ್ಯದಿಂದ ನನಗೆ ಜಾಸ್ತಿ ತಿಳಿಯುತ್ತದೆ. ಸುಟ್ಟ ಗಾಯಗಳ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸುಗಳು ಈ ಬಳಗದಲ್ಲಿದ್ದರೆ ‘ತೊಡೆಯ ಗಾಯ’ದ ಬಗ್ಗೆ ಮೊದಲು ಅವರೇ ಹೇಳಲಿ. ರೋಗಿಗಳು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ದಿನವೂ ಕೇಳುವವರು ಅವರು.